ನೇಪಾಳದಲ್ಲಿ ಚಾರಣ, ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್: ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಪಂಚದಲ್ಲಿ 8,000 ಮೀಟರ್ ದಾಟಿದ ಶಿಖರಗಳು 14. ಅವುಗಳಲ್ಲಿ 8 ನೇಪಾಳದಲ್ಲಿ ಅಥವಾ ಅದರ ಗಡಿಯ ಮೇಲೆ ಇವೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ವಾಟ್ಸಾಪ್‌ನಲ್ಲಿ, ಫೋನಿನಲ್ಲಿ, ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಸಿಕ್ಕಾಗ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ದಸರಾ ರಜೆಯಲ್ಲಿ ಹೋಗಬಹುದಾ?

ಹೋಗಬಹುದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಮೋಡ ಮುಚ್ಚಿರುತ್ತದೆ, ದಾರಿಯಲ್ಲಿ ಜಿಗಣೆ, ರಸ್ತೆಗೆ ಗುಡ್ಡ ಕುಸಿಯುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಆಕಾಶ ತಿಳಿಯಾಗಿ ಶಿಖರಗಳು ಚೆನ್ನಾಗಿ ಕಾಣುತ್ತವೆ.

ಆದರೆ ಒಂದು ವಿಷಯ ತಿಳಿದಿರಲಿ. ನಮಗೆ ದಸರಾ ಇದ್ದಾಗ ಅವರಿಗೆ ದಶೈಂ. ಅದು ಅವರ ವರ್ಷದ ದೊಡ್ಡ ಹಬ್ಬ. ಕಠ್ಮಂಡುವಿನಲ್ಲಿ ದುಡಿಯುವವರೆಲ್ಲ ಊರಿಗೆ ಹೊರಡುತ್ತಾರೆ. ಬಸ್ಸು, ವಿಮಾನ ಎಲ್ಲ ತುಂಬಿರುತ್ತವೆ. ಸರ್ಕಾರಿ ಕಚೇರಿಗಳು ಕೆಲವು ದಿನ ಮುಚ್ಚಿರುವುದರಿಂದ ಪರ್ಮಿಟ್ ಕೆಲಸ ತಡವಾಗುತ್ತದೆ. ಗೈಡ್, ಪೋರ್ಟರ್‌ಗಳಿಗೂ ಹಬ್ಬಕ್ಕೆ ಮನೆಯಲ್ಲಿರುವ ಆಸೆ ಇರುತ್ತದೆ, ಅಲ್ವಾ? ರಜೆ ಹೊಂದಿಸಿಕೊಳ್ಳಲು ಆದರೆ ಜಂಬೂಸವಾರಿ ನೋಡಿಕೊಂಡು, ವಿಜಯದಶಮಿ ಕಳೆದ ನಾಲ್ಕೈದು ದಿನಕ್ಕೆ ಹೊರಡಿ. ಹಬ್ಬದಲ್ಲೇ ಹೋದವರಿಗೂ ನಷ್ಟವಿಲ್ಲ. ಹಳ್ಳಿಗಳಲ್ಲಿ ಬಿದಿರಿನ ಎತ್ತರದ ಉಯ್ಯಾಲೆ ಕಟ್ಟಿರುತ್ತಾರೆ. ಮನೆಯ ಹಿರಿಯರು ಕಿರಿಯರ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿದ ಟಿಕಾ ಇಟ್ಟು ಹರಸುತ್ತಾರೆ.

ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯ ಸುದ್ದಿಯನ್ನೂ ನೋಡುತ್ತಿರಿ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತ ಎರಡೇ ದಿನದಲ್ಲಿ ಅನ್ನಪೂರ್ಣ ಸೀಮೆಯ ಮೇಲೆ ಹಿಮವಾಗಿ ಸುರಿಯಿತು. 5,416 ಮೀಟರ್ ಎತ್ತರದ ಥೋರೋಂಗ್ ಲಾ ಎಂಬ ಕಣಿವೆದಾರಿ ದಾಟುತ್ತಿದ್ದವರು ಸಿಕ್ಕಿಹಾಕಿಕೊಂಡರು. ಆ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಂಧ್ರದ ಕರಾವಳಿಗೆ ಚಂಡಮಾರುತ ಅಂತ ಕೇಳಿದರೆ ಎತ್ತರದ ಕಣಿವೆದಾರಿ ದಾಟುವುದನ್ನು ಮುಂದಕ್ಕೆ ಹಾಕಿ.

ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ?

ಅದೂ ಒಳ್ಳೆಯ ಕಾಲವೇ. ಮಾರ್ಚ್, ಏಪ್ರಿಲ್‌ನಲ್ಲಿ ಕಾಡಿನ ತುಂಬ ಲಾಲಿಗುರಾಂಸ್ ಕೆಂಪಗೆ ಅರಳಿರುತ್ತದೆ. ಅದು ನೇಪಾಳದ ರಾಷ್ಟ್ರೀಯ ಹೂವು. ಕೆಳಗಿನ ಕಣಿವೆಗಳಲ್ಲಿ ಧೂಳು, ಹೊಗೆ ಇರುವುದರಿಂದ ದೂರದ ನೋಟ ಅಕ್ಟೋಬರಿನಷ್ಟು ಸ್ವಚ್ಛವಾಗಿ ಸಿಗುವುದಿಲ್ಲ.

ನಾವು ದಿನಾ ಚಾಮುಂಡಿ ಬೆಟ್ಟ ಹತ್ತುತ್ತೇವೆ. ಎವರೆಸ್ಟ್ ಬೇಸ್ ಕ್ಯಾಂಪಿಗೆ ಇಷ್ಟು ಸಾಕಾ ಸರ್?

ಕಾಲಿಗೆ ಸಾಕು. ಎತ್ತರಕ್ಕೆ ಸಾಲದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಸುಮಾರು ಸಾವಿರ ಮೆಟ್ಟಿಲು ನಿಲ್ಲದೆ ಹತ್ತುವವರಿಗೆ ದಮ್ಮು ಇದೆ, ತೊಡೆಯಲ್ಲಿ ಬಲ ಇದೆ. ಅದನ್ನು ಬಿಡಬೇಡಿ. ಎರಡು ಬದಲಾವಣೆ ಮಾತ್ರ ಮಾಡಿಕೊಳ್ಳಿ. ಒಂದು, ಬೆನ್ನಿಗೆ ಆರೇಳು ಕೆಜಿ ಭಾರದ ಬ್ಯಾಗ್ ಹಾಕಿಕೊಂಡು ಹತ್ತಿ. ಇನ್ನೊಂದು, ಇಳಿಯುವಾಗ ಬಸ್ ಹಿಡಿಯಬೇಡಿ, ಮೆಟ್ಟಿಲಲ್ಲೇ ಇಳಿಯಿರಿ. ನೇಪಾಳದಲ್ಲಿ ಮಂಡಿ ಹಿಡಿದುಕೊಳ್ಳುವುದು ಇಳಿಯುವಾಗಲೇ. ಘೋರೆಪಾನಿ ದಾರಿಯ ಉಲ್ಲೇರಿ ಏರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳಿವೆ. ಮಂಡ್ಯದವರಿಗೆ ಪಾಂಡವಪುರದ ಕುಂತಿ ಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ ಹತ್ತಿರ. ಹೊರಡುವ ಮುಂಚೆ ಎರಡು ದಿನ ಸತತವಾಗಿ ನಡೆಯುವ ಒಂದು ಚಾರಣ ಮಾಡಿ. ಕುಮಾರ ಪರ್ವತ ಅದಕ್ಕೆ ಒಳ್ಳೆಯ ಪರೀಕ್ಷೆ.

ಇಷ್ಟೆಲ್ಲ ಮಾಡಿದರೂ ಎತ್ತರದ ಅಭ್ಯಾಸ ನಮಗೆ ಆಗುವುದಿಲ್ಲ. ಮೈಸೂರು ಇರುವುದು 770 ಮೀಟರ್ ಆಸುಪಾಸಿನಲ್ಲಿ. ಚಾಮುಂಡಿ ಬೆಟ್ಟದ ತುದಿ ಸಾವಿರ ಮೀಟರ್ ಚಿಲ್ಲರೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್.

ಎತ್ತರದ ಕಾಯಿಲೆ ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತಾ?

ಬರುತ್ತದೆ. ವಯಸ್ಸು, ಜಿಮ್, ಮ್ಯಾರಥಾನ್ ಯಾವುದೂ ಇದನ್ನು ತಡೆಯುವುದಿಲ್ಲ. ಗಟ್ಟಿ ಇರುವವರು ಬೇಗ ಬೇಗ ಹತ್ತುವುದರಿಂದ ಕೆಲವು ಸಲ ಅವರಿಗೇ ಮೊದಲು ಬರುತ್ತದೆ. ಈ ಪುಟದಲ್ಲಿ ಇದೊಂದು ಉತ್ತರವನ್ನಾದರೂ ಮನೆಯವರೆಲ್ಲ ಕೂತು ಓದಿ ಅಂತ ಕೇಳಿಕೊಳ್ಳುತ್ತೇನೆ.

ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. 5,500 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಆ ದಿನಗಳನ್ನು ಕೊಡದೆ ಹತ್ತಿದರೆ 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಅಲ್ಲಿ ತಲೆನೋವು ಬಂದರೆ ಬೇರೆ ಕಾರಣ ಖಚಿತವಾಗುವ ತನಕ ಎತ್ತರದ್ದೇ ಅಂತ ತಿಳಿಯಿರಿ. ಗ್ಯಾಸ್ಟ್ರಿಕ್, ಬಿಸಿಲು, ಪ್ರಯಾಣದ ಸುಸ್ತು ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಮಲಗುವ ಎತ್ತರವೇ ಇಲ್ಲಿ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆಯ ಜಾಗಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಮೂರು–ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ಇರಬೇಕು. ಹಗಲು ಇನ್ನೂ ಮೇಲಕ್ಕೆ ಹೋಗಿ ಬರಬಹುದು, ಮಲಗಲು ಕೆಳಗೆ ಇಳಿಯಬೇಕು. ಎವರೆಸ್ಟ್ ದಾರಿಯಲ್ಲಿ 3,440 ಮೀಟರ್‌ನ ನಾಮ್ಚೆ ಬಜಾರಿನಲ್ಲಿ, 4,410 ಮೀಟರ್‌ನ ಡಿಂಗ್‌ಬೋಚೆಯಲ್ಲಿ ಎರಡೆರಡು ರಾತ್ರಿ ಉಳಿಸುವುದು ಇದಕ್ಕೇ. ಟೂರ್ ಪಟ್ಟಿಯಲ್ಲಿ ಆ ದಿನಗಳು ಇಲ್ಲದಿದ್ದರೆ ದುಡ್ಡು ಎಷ್ಟೇ ಕಡಿಮೆ ಇರಲಿ, ಆ ಪಟ್ಟಿ ಬೇಡ.

ಲಕ್ಷಣ ಕಂಡರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಹೆಚ್ಚಾದರೆ ಇಳಿಯಿರಿ. ಎರಡು ಸ್ಥಿತಿಗಳಲ್ಲಿ ಬೆಳಗಾಗುವ ತನಕ ಕಾಯುವ ಹಾಗೂ ಇಲ್ಲ. ನೇರ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯಲು ಆಗದೆ ತೂರಾಡುವುದು, ಮಾತು ತೊದಲುವುದು, ಗಲಿಬಿಲಿ ಆಗುವುದು ಒಂದು. ಅದು ಮಿದುಳು ಊದಿಕೊಂಡ ಲಕ್ಷಣ. ಸುಮ್ನೆ ಕೂತಿದ್ದರೂ ಏದುಸಿರು, ಎದೆಯಲ್ಲಿ ಗೊರಗೊರ, ನೊರೆ ಕಫ ಇನ್ನೊಂದು. ಅದು ಶ್ವಾಸಕೋಶದಲ್ಲಿ ನೀರು ತುಂಬಿದ ಲಕ್ಷಣ. ಎರಡೂ ಗಂಟೆಗಳಲ್ಲಿ ಜೀವ ತೆಗೆಯಬಹುದು. ರಾತ್ರಿಯಾದರೂ ಸರಿ, ಜೊತೆಯಲ್ಲಿ ಜನ ಇಟ್ಟುಕೊಂಡು ಕೆಳಗೆ ಕರೆದುಕೊಂಡು ಹೋಗಬೇಕು. ಒಬ್ಬರನ್ನೇ ಕಳಿಸಬಾರದು.

ಎವರೆಸ್ಟ್ ದಾರಿಯ ಫೆರಿಚೆಯಲ್ಲಿ ಮತ್ತು ಅನ್ನಪೂರ್ಣ ಸುತ್ತಿನ ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಕ್ಲಿನಿಕ್‌ಗಳಿವೆ. 1973ರಲ್ಲಿ ಶುರುವಾದ ಸಂಸ್ಥೆ ಅದು. ಚಾರಣದ ಋತುವಿನಲ್ಲಿ ಅಲ್ಲಿ ವೈದ್ಯರು ಎತ್ತರದ ಕಾಯಿಲೆ ಬಗ್ಗೆ ಪಾಠವನ್ನೂ ಹೇಳುತ್ತಾರೆ. ಹಾದುಹೋಗುವಾಗ ಕೂತು ಕೇಳಿ.

ಡಯಾಮಾಕ್ಸ್ ಮಾತ್ರೆ ತಗೊಂಡ್ರೆ ಆಗಲ್ವಾ?

ಅದು ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ, ಅಷ್ಟೇ. ದಿನ ಉಳಿಸಲು ನುಂಗುವ ಮಾತ್ರೆ ಅಲ್ಲ. ಸಲ್ಫಾ ಔಷಧ ಆಗದವರು ಡಾಕ್ಟರಿಗೆ ಹೇಳಲೇಬೇಕು. ಊರಲ್ಲೇ ನಿಮ್ಮ ಡಾಕ್ಟರನ್ನು ಕಂಡು, ಬಿಪಿ, ಸಕ್ಕರೆ ಕಾಯಿಲೆ ಮಾತ್ರೆಗಳ ಪಟ್ಟಿ ತೋರಿಸಿ ಕೇಳಿ. ನಿದ್ದೆ ಮಾತ್ರೆ ಮತ್ತು ಮದ್ಯ ಎತ್ತರದಲ್ಲಿ ಬೇಡವೇ ಬೇಡ.

ಮೊದಲ ಸಲ ಹೋಗುವವರು ಯಾವ ದಾರಿ ಹಿಡಿಯಬೇಕು?

ಪೂನ್ ಹಿಲ್. ಪೋಖರಾದಿಂದ ನಾಲ್ಕೈದು ದಿನ, ಎತ್ತರ 3,210 ಮೀಟರ್. ಘೋರೆಪಾನಿಯಿಂದ ಬೆಳಗಿನ ಜಾವ ಎದ್ದು ಹತ್ತಿದರೆ ಧೌಲಗಿರಿ ಮತ್ತು ಅನ್ನಪೂರ್ಣದ ಸಾಲಿಗೆ ಬಿಸಿಲು ತಾಗುವುದು ಕಾಣುತ್ತದೆ. ಅಲ್ಲಿ ದೇಹ ಹೇಗೆ ನಡೆದುಕೊಂಡಿತು ಅಂತ ನೋಡಿ, ಮುಂದಿನ ವರ್ಷ ದೊಡ್ಡದಕ್ಕೆ ಹೋಗಿ.

ವಾರ ಹತ್ತು ದಿನ ಇದ್ದರೆ ಅನ್ನಪೂರ್ಣ ಬೇಸ್ ಕ್ಯಾಂಪ್, 4,130 ಮೀಟರ್. ಸುತ್ತ ಬೆಟ್ಟಗಳೇ ಗೋಡೆಯಾಗಿ ನಿಂತ ಜಾಗ. ವಸಂತದಲ್ಲಿ ದೇವರಾಲಿಯಿಂದ ಮೇಲೆ ಹಿಮಕುಸಿತದ ಭಯ ಇದೆ. ಬೆಳಿಗ್ಗೆ ಬೇಗ ದಾಟಿ, ಲಾಡ್ಜಿನವರು ಬೇಡ ಅಂದರೆ ನಿಲ್ಲಿ. ಜನಜಂಗುಳಿ ಬೇಡ ಅನ್ನುವವರಿಗೆ ಲಾಂಗ್‌ಟಾಂಗ್ ಕಣಿವೆ ಹೇಳುತ್ತೇನೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಬೆಟ್ಟದಿಂದ ಕುಸಿದ ಹಿಮ, ಕಲ್ಲು ಲಾಂಗ್‌ಟಾಂಗ್ ಹಳ್ಳಿಯನ್ನೇ ಮುಚ್ಚಿಹಾಕಿತು. ಉಳಿದವರು ಮತ್ತೆ ಮನೆ, ಲಾಡ್ಜ್ ಕಟ್ಟಿಕೊಂಡಿದ್ದಾರೆ. ನೀವು ಅಲ್ಲಿ ಉಂಡು ಮಲಗಿದರೆ ಆ ದುಡ್ಡು ನೇರ ಅವರ ಕೈಗೆ ಹೋಗುತ್ತದೆ.

ಎವರೆಸ್ಟ್ ಬೇಸ್ ಕ್ಯಾಂಪಿಗೆ ವಿಮಾನ ಇಳಿದು ನಡಿಗೆ ಶುರು ಮಾಡುವ ಊರು ಲುಕ್ಲಾ. ಲುಕ್ಲಾದಿಂದ ಹೊರಟು ಮತ್ತೆ ಲುಕ್ಲಾಕ್ಕೆ ಬರಲು 12 ದಿನವಾದರೂ ಇಟ್ಟುಕೊಳ್ಳಿ.

ಅಪ್ಪ ಅಮ್ಮನಿಗೆ ಮುಕ್ತಿನಾಥ ದರ್ಶನ ಮಾಡಿಸಬೇಕು. ಜೀಪ್ ಹೋಗುತ್ತಲ್ಲ, ತೊಂದರೆ ಇಲ್ಲ ತಾನೆ?

ಮೇಲುಕೋಟೆ ಕಡೆಯ ಶ್ರೀವೈಷ್ಣವ ಮನೆಗಳಿಂದ ಈ ಪ್ರಶ್ನೆ ತುಂಬಾ ಬರುತ್ತದೆ. 108 ದಿವ್ಯದೇಶಗಳಲ್ಲಿ ಅದೂ ಒಂದು. ಸಾಲಿಗ್ರಾಮ ಸಿಗುವ ಕಾಳಿ ಗಂಡಕಿ ನದಿ ಅದರ ಕೆಳಗೇ ಹರಿಯುತ್ತದೆ. ಹಿರಿಯರಿಗೆ ಅಲ್ಲಿಗೆ ಹೋಗುವ ಆಸೆ ಎಷ್ಟಿರುತ್ತದೆ ಅಂತ ಗೊತ್ತು. ಆದ್ದರಿಂದಲೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೀಪ್ ಹೋಗುವುದೇ ತೊಂದರೆ. ಪೋಖರಾ ಇರುವುದು ಸುಮಾರು 820 ಮೀಟರ್‌ನಲ್ಲಿ, ಮುಕ್ತಿನಾಥ 3,700 ಮೀಟರ್‌ಗೂ ಮೇಲೆ. ಒಂದೇ ದಿನದಲ್ಲಿ ಅಷ್ಟು ಏರಿದರೆ ಚಾರಣಿಗರಿಗೆ ಬರುವ ಕಾಯಿಲೆ ಯಾತ್ರಿಕರಿಗೂ ಬರುತ್ತದೆ. ಮಾರ್ಫಾ ಅಥವಾ ಜೋಮ್‌ಸೋಮ್‌ನಲ್ಲಿ ಎರಡು ರಾತ್ರಿ ಮಲಗಿಸಿ. ಎರಡೂ 2,700 ಮೀಟರ್ ಆಸುಪಾಸು. ಮೂರನೆಯ ದಿನ ಬೆಳಿಗ್ಗೆ ಮೇಲೆ ಹೋಗಿ, ದರ್ಶನ ಮುಗಿಸಿ, ಸಂಜೆಗೆ ಮತ್ತೆ ಕೆಳಗಿಳಿದು ಮಲಗಿ. ಮುಕ್ತಿನಾಥದಲ್ಲೇ ರಾತ್ರಿ ಉಳಿಯುವುದು ಹಿರಿಯರಿಗೆ ಬೇಡ.

ದೇವಸ್ಥಾನದ ಹಿಂದೆ 108 ಧಾರೆಗಳಿವೆ. ನೀರು ಹಿಮದಷ್ಟು ತಣ್ಣಗಿರುತ್ತದೆ. ಹೃದಯದ ತೊಂದರೆ, ಬಿಪಿ ಇರುವವರು ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ವಾಹನ ನಿಲ್ಲುವ ರಾಣಿಪೌವಾದಿಂದ ದೇವಸ್ಥಾನಕ್ಕೆ ಏರು ದಾರಿ. ನಡೆಯಲಾಗದವರಿಗೆ ಕುದುರೆ ಸಿಗುತ್ತದೆ. ಮಧ್ಯಾಹ್ನ ಆದರೆ ಆ ಕಣಿವೆಯಲ್ಲಿ ಗಾಳಿ ಜೋರು. ಅದಕ್ಕೇ ಜೋಮ್‌ಸೋಮ್ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುತ್ತವೆ.

ಸಾಲಿಗ್ರಾಮದೊಳಗಿನ ಚಕ್ರ ಕೋಟ್ಯಂತರ ವರ್ಷದ ಹಿಂದಿನ ಅಮೋನೈಟ್ ಎಂಬ ಸಮುದ್ರಜೀವಿಯ ಗುರುತು. ಹಿಮಾಲಯ ಏಳುವ ಮುಂಚೆ ಅಲ್ಲಿ ಸಮುದ್ರ ಇತ್ತು. ಪೂಜೆಯ ಪೆಟ್ಟಿಗೆಯಲ್ಲಿರುವ ಕಲ್ಲಿನಲ್ಲಿ ಇಷ್ಟು ದೊಡ್ಡ ಕಥೆ ಇದೆ ಅಂತ ಮಕ್ಕಳಿಗೆ ನದಿಯ ದಂಡೆಯಲ್ಲೇ ನಿಂತು ಹೇಳಿ.

ಪಾಸ್‌ಪೋರ್ಟ್ ಬೇಕಾ? ಆಧಾರ್ ಸಾಕಾಗಲ್ವಾ?

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವ ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ, ಎರಡರಲ್ಲೊಂದು ಬೇಕು. ಆಧಾರ್ ಒಂದನ್ನೇ ನಂಬಿ ಏರ್‌ಪೋರ್ಟಿಗೆ ಹೋಗಬೇಡಿ.

ಮೈಸೂರಿನಿಂದ ರೈಲಲ್ಲಿ ಹೋಗಬಹುದಾ?

ಮನಸ್ಸಿದ್ದರೆ ಹೋಗಬಹುದು. ವಾರಕ್ಕೊಮ್ಮೆ ಓಡುವ ಮೈಸೂರು–ದರ್ಭಂಗಾ ರೈಲಿನ ಹೆಸರೇ ಬಾಗ್ಮತಿ ಎಕ್ಸ್‌ಪ್ರೆಸ್. ಕಠ್ಮಂಡುವಿನ ಪಶುಪತಿನಾಥನ ಪಕ್ಕ ಹರಿದು ಬಿಹಾರಕ್ಕೆ ಇಳಿಯುವ ನದಿ ಬಾಗ್ಮತಿ. ದರ್ಭಂಗಾದಿಂದ ಜಯನಗರ, ಅಲ್ಲಿಂದ 2022ರಲ್ಲಿ ಮತ್ತೆ ಶುರುವಾದ ರೈಲಿನಲ್ಲಿ ನೇಪಾಳದ ಜನಕಪುರ. ಸೀತೆಯ ತವರು ನೋಡಿಕೊಂಡು ಬಸ್ಸಿನಲ್ಲಿ ಮುಂದೆ ಹೋಗಬಹುದು. ಪೋಖರಾ ಕಡೆ ಹೋಗುವವರಿಗೆ ಗೋರಖ್‌ಪುರ ಇಳಿದು ಸೋನೌಲಿ ಗಡಿ ದಾಟುವುದು ಹತ್ತಿರ. ರೈಲು, ಬಸ್ಸು ಸೇರಿ ಹೋಗಲು ಮೂರು ದಿನ, ಬರಲು ಮೂರು ದಿನ ಅಂತ ಲೆಕ್ಕ ಹಾಕಿ. ಅಷ್ಟು ರಜೆ ಇಲ್ಲದವರು ಬೆಂಗಳೂರಿನಿಂದ ದೆಹಲಿ ಮೇಲೆ ವಿಮಾನ ಹಿಡಿಯಿರಿ. ಬೆಟ್ಟದಲ್ಲಿ ಕಳೆಯಬೇಕಾದ ದಿನಗಳಿಂದ ಕಿತ್ತು ಪ್ರಯಾಣಕ್ಕೆ ಕೊಡಬೇಡಿ.

ಲುಕ್ಲಾ ವಿಮಾನ ಭಯ ಅಂತಾರೆ. ನಿಜಾನಾ?

ಲುಕ್ಲಾದ ರನ್‌ವೇ 527 ಮೀಟರ್ ಮಾತ್ರ, ಅದೂ ಇಳಿಜಾರು. ಒಂದು ತುದಿಯಲ್ಲಿ ಬೆಟ್ಟ, ಇನ್ನೊಂದು ತುದಿಯಲ್ಲಿ ಪ್ರಪಾತ. ಮೋಡ ಬಂದರೆ ವಿಮಾನ ಹಾರುವುದಿಲ್ಲ. ಒಂದೆರಡು ದಿನ ಕಾಯುವುದು ಅಲ್ಲಿ ಮಾಮೂಲು. ವಾಪಸು ಬಂದ ಮಾರನೆಯ ದಿನವೇ ದೆಹಲಿ ವಿಮಾನ ಬುಕ್ ಮಾಡಬೇಡಿ. ಮಧ್ಯೆ ಎರಡು ದಿನ ಖಾಲಿ ಬಿಡಿ. ಋತುವಿನ ಗದ್ದಲದಲ್ಲಿ ಬಹಳಷ್ಟು ವಿಮಾನಗಳು ಕಠ್ಮಂಡು ಬದಲು ಮಂಥಲಿಯಿಂದ ಹೊರಡುತ್ತವೆ. ಅಲ್ಲಿಗೆ ರಸ್ತೆಯಲ್ಲಿ ನಾಲ್ಕೈದು ಗಂಟೆ, ಅಂದರೆ ನಡುರಾತ್ರಿ ಏಳಬೇಕು.

ಪರ್ಮಿಟ್, ಗೈಡ್ ಎಲ್ಲ ಕಡ್ಡಾಯವಾ?

ಪರ್ಮಿಟ್ ಕಡ್ಡಾಯ. ಸಾರ್ಕ್ ದೇಶದವರಿಗೆ ದರ ಕಡಿಮೆ. ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ಬೇರೆ ವಿದೇಶಿಯರು 3,000 ನೇಪಾಳಿ ರೂಪಾಯಿ ಕೊಟ್ಟರೆ ನಮಗೆ 1,000. ಎವರೆಸ್ಟ್ ಇರುವ ಸಾಗರಮಾಥಾ ರಾಷ್ಟ್ರೀಯ ಉದ್ಯಾನಕ್ಕೆ ನಮಗೆ 1,500. ಹೊರಡುವ ಮುಂಚೆ ಈಗಿನ ದರ ಒಮ್ಮೆ ನೋಡಿಕೊಳ್ಳಿ. ಮೇಲಿನ ಮುಸ್ತಾಂಗ್, ಮನಸ್ಲು, ಡೋಲ್ಪಾದಂಥ ಗಡಿ ಸೀಮೆಗೆ ಬೇರೆಯೇ ವಿಶೇಷ ಪರ್ಮಿಟ್ ಬೇಕು.

2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಪರವಾನಗಿ ಇರುವ ಗೈಡ್ ಬೇಕು ಅಂತ ನಿಯಮ ಬಂದಿದೆ. ಎಲ್ಲ ದಾರಿಯಲ್ಲೂ ಒಂದೇ ಬಿಗಿಯಲ್ಲಿ ಜಾರಿಯಲ್ಲಿಲ್ಲ. ನಿಯಮ ಇರಲಿ ಬಿಡಲಿ, ಮೊದಲ ಸಲ ಹೋಗುವವರು ಗೈಡ್ ಇಟ್ಟುಕೊಳ್ಳಿ.

ಪೋರ್ಟರ್‌ಗೆ ಎಷ್ಟು ಭಾರ ಕೊಡಬಹುದು?

20ರಿಂದ 25 ಕೆಜಿ, ಅದಕ್ಕಿಂತ ಜಾಸ್ತಿ ಬೇಡ. ಇಬ್ಬರ ಸಾಮಾನು ಸೇರಿ ಅಷ್ಟಾಗುವಂತೆ ಮನೆಯಲ್ಲೇ ತೂಕ ನೋಡಿ. ಅವರಿಗೆ ವಿಮೆ ಇದೆಯಾ, ಬೆಚ್ಚನೆ ಜಾಕೆಟ್, ಗಟ್ಟಿ ಶೂ ಇದೆಯಾ, ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಏಜೆನ್ಸಿಯವರನ್ನು ಕೇಳಿ. ತಗ್ಗಿನ ಹಳ್ಳಿಗಳಿಂದ ಕೂಲಿಗೆ ಬಂದ ಹುಡುಗರಿಗೂ ಎತ್ತರದ ಕಾಯಿಲೆ ಬರುತ್ತದೆ. ಕೂಲಿ ಹೋಗುತ್ತದೆ ಅಂತ ಹೇಳದೆ ಸಹಿಸಿಕೊಳ್ಳುತ್ತಾರೆ. ದಿನಾ ಸಂಜೆ ಅವರ ಆರೋಗ್ಯವನ್ನೂ ವಿಚಾರಿಸಿ. ಹುಷಾರಿಲ್ಲದಿದ್ದರೆ ನಿಮ್ಮ ಮನೆಯವರನ್ನು ಇಳಿಸುವಂತೆಯೇ ಜೊತೆ ಕೊಟ್ಟು ಇಳಿಸಿ.

ಪ್ಯಾರಾಗ್ಲೈಡಿಂಗ್‌ಗೆ ತರಬೇತಿ ಬೇಕಾ?

ಬೇಡ. ಪೋಖರಾದ ಸರಂಗ್‌ಕೋಟ್ ಗುಡ್ಡದಿಂದ ಪೈಲಟ್ ಜೊತೆ ಹಾರುತ್ತೀರಿ. ಕೆಲವು ಹೆಜ್ಜೆ ಓಡಬೇಕು, ಮಧ್ಯೆ ಕೂರಬಾರದು, ಅಷ್ಟೇ ನಿಮ್ಮ ಕೆಲಸ. 20–30 ನಿಮಿಷ ಹಾರಿ ಫೇವಾ ಕೆರೆಯ ಬಳಿ ಇಳಿಯುತ್ತೀರಿ. ಗಾಳಿ ಸರಿಯಿಲ್ಲ ಅಂತ ಪೈಲಟ್ ಕಾಯಿಸಿದರೆ ಒತ್ತಾಯ ಮಾಡಬೇಡಿ. ತಲೆ ಸುತ್ತುವವರು ಹೊಟ್ಟೆ ತುಂಬ ತಿಂದು ಹೋಗಬೇಡಿ.

ಬಂಜಿ ಜಂಪ್ ಎಷ್ಟು ಎತ್ತರ?

ಭೋಟೆ ಕೋಶಿ ನದಿಯ ಮೇಲಿನ ತೂಗುಸೇತುವೆಯಿಂದ 160 ಮೀಟರ್. ಕುಶ್ಮಾದಲ್ಲಿ 228 ಮೀಟರ್. ಜೋಗದ ಎತ್ತರ 253 ಮೀಟರ್, ನೀವೇ ಅಂದಾಜು ಮಾಡಿ. ಬಿಪಿ, ಹೃದಯ, ಬೆನ್ನುಮೂಳೆ, ಕಣ್ಣಿನ ರೆಟಿನಾ ತೊಂದರೆ ಇರುವವರು, ಗರ್ಭಿಣಿಯರು ಹಾರಬಾರದು. ತೂಕ ಸರಿಯಾಗಿ ಹೇಳಿ, ಹಗ್ಗವನ್ನು ಅದರ ಮೇಲೆಯೇ ಆರಿಸುತ್ತಾರೆ. ಸ್ನೇಹಿತರು ಹಿಂಜರಿದರೆ ಹುರಿದುಂಬಿಸಿ ತಳ್ಳಬೇಡಿ.

ಈಜು ಬರಲ್ಲ. ರಾಫ್ಟಿಂಗ್ ಮಾಡಬಹುದಾ?

ತ್ರಿಶೂಲಿಯಲ್ಲಿ ಮಾಡಬಹುದು. ಕಠ್ಮಂಡು–ಪೋಖರಾ ರಸ್ತೆಯ ಪಕ್ಕದಲ್ಲೇ ಹರಿಯುವುದರಿಂದ ದಾರಿಯಲ್ಲಿ ಒಂದು ದಿನ ಇಳಿದು ಮುಗಿಸಬಹುದು. ನೀರಿನ ರಭಸವನ್ನು ಒಂದರಿಂದ ಆರರವರೆಗೆ ಅಳೆಯುತ್ತಾರೆ. ಒಣ ಋತುವಿನಲ್ಲಿ ತ್ರಿಶೂಲಿ ಮೂರರ ಆಸುಪಾಸು. ಭೋಟೆ ಕೋಶಿ ನಾಲ್ಕು–ಐದು, ಅದು ಈಜು ಬರದವರಿಗಲ್ಲ. ದಿನಗಟ್ಟಲೆ ನದಿಯಲ್ಲೇ ಇರುವ ಆಸೆ ಇದ್ದರೆ ಸುನ್ ಕೋಶಿ. ಸುಮಾರು 270 ಕಿಲೋಮೀಟರ್, ಎಂಟೊಂಬತ್ತು ದಿನ, ರಾತ್ರಿ ಮರಳ ದಂಡೆಯಲ್ಲಿ ಟೆಂಟು.

ಲೈಫ್ ಜಾಕೆಟ್ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿಸಿಕೊಳ್ಳಿ. ಹೆಲ್ಮೆಟ್ ಇಲ್ಲದ ದೋಣಿ, ಜೊತೆಗೆ ಕಾವಲು ಕಯಾಕ್ (ಬಿದ್ದವರನ್ನು ಎತ್ತಲು ಬರುವ ಸಣ್ಣ ದೋಣಿ) ಇಲ್ಲದ ದೋಣಿ ಹತ್ತಬೇಡಿ. ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬಾರದು, ಕಲ್ಲಿನ ಮಧ್ಯೆ ಕಾಲು ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಕಾಲು ನೀರು ಹರಿಯುವ ದಿಕ್ಕಿಗೆ ಮೇಲೆತ್ತಿ ತೇಲಬೇಕು. ಕಾವೇರಿ ದಂಡೆಯಲ್ಲಿ ಬೆಳೆದವರಿಗೆ ಧೈರ್ಯ ಜಾಸ್ತಿ. ಈ ನದಿಗಳು ಹಿಮದಿಂದ ಬರುವುದರಿಂದ ಚಳಿಗೆ ಕೈಕಾಲು ಬೇಗ ಮರಗಟ್ಟುತ್ತವೆ. ಕೆಆರ್‌ಎಸ್ ಕೆಳಗಿನ ಈಜು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಊಟ? ನಾವು ಮುದ್ದೆ ತಿನ್ನುವವರು.

ಮಂಡ್ಯದವರು ಖುಷಿಪಡುವ ಸುದ್ದಿ ಇದೆ. ನೇಪಾಳದ ಗುಡ್ಡಗಾಡಿನಲ್ಲಿ ರಾಗಿ ಬೆಳೆಯುತ್ತಾರೆ, ಕೋದೋ ಅನ್ನುತ್ತಾರೆ. ಅದರ ಹಿಟ್ಟನ್ನು ಬಿಸಿನೀರಿಗೆ ಹಾಕಿ ತೊಳಸಿದ ಢಿಂಡೋ ನಮ್ಮ ಮುದ್ದೆಯೇ, ಸ್ವಲ್ಪ ಮೆತ್ತಗೆ. ಸೊಪ್ಪಿನ ಗುಂಡ್ರುಕ್ ಸಾರಿನ ಜೊತೆ ಕೊಡುತ್ತಾರೆ. ಪೋಖರಾ ಸುತ್ತಿನ ಹಳ್ಳಿಗಳಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಉಳಿದಂತೆ ಎಲ್ಲೆಡೆ ದಾಲ್ ಭಾತ್. ಅನ್ನ, ಬೇಳೆ, ಪಲ್ಯ ಸಾಮಾನ್ಯವಾಗಿ ಮತ್ತೆ ಮತ್ತೆ ಬಡಿಸುತ್ತಾರೆ. ಎತ್ತರದಲ್ಲಿ ಮಾಂಸ ಬೇಡ, ಫ್ರಿಜ್ ಇಲ್ಲದೆ ದಿನಗಟ್ಟಲೆ ಹೊತ್ತು ತಂದದ್ದಿರುತ್ತದೆ. ಮಲಗಿದ ಲಾಡ್ಜಿನಲ್ಲೇ ಉಣ್ಣುವುದು ಅಲ್ಲಿನ ರೂಢಿ, ಕೋಣೆ ಬಾಡಿಗೆ ಕಡಿಮೆ ಇಟ್ಟಿರುವುದು ಅದೇ ನಂಬಿಕೆಯಲ್ಲಿ. ಕುಡಿಯಲು ಕುದಿಸಿದ ನೀರು ಅಥವಾ ಕ್ಲೋರಿನ್ ಮಾತ್ರೆ ಹಾಕಿದ ನೀರು.

ನಮ್ಮ ದುಡ್ಡು ನಡೆಯುತ್ತಾ?

ನಮ್ಮ 100 ರೂಪಾಯಿ ಅವರ 160. ಈ ದರ 1993ರಿಂದ ಬದಲಾಗಿಲ್ಲ. 100ರ ನೋಟು ನಡೆಯುತ್ತದೆ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗಿದೆ, ಹೊರಡುವ ವಾರ ಬ್ಯಾಂಕಿನಲ್ಲಿ ಕೇಳಿ. 2024ರ ಮಾರ್ಚ್‌ನಿಂದ ನೇಪಾಳದ ಫೋನ್‌ಪೇ (Fonepay, ನಮ್ಮ PhonePe ಅಲ್ಲ) ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಬೆಟ್ಟದಲ್ಲಿ ನೆಟ್‌ವರ್ಕ್ ನಂಬಬೇಡಿ, ಪೂರ್ತಿ ಚಾರಣಕ್ಕೆ ಆಗುವಷ್ಟು ನೇಪಾಳಿ ನಗದು ಪೋಖರಾ ಅಥವಾ ಕಠ್ಮಂಡುವಿನಲ್ಲೇ ಎತ್ತಿಕೊಳ್ಳಿ.

ಇನ್ಶೂರೆನ್ಸ್ ಮಾಡಿಸಲೇಬೇಕಾ?

ಮಾಡಿಸಿ. ಪಾಲಿಸಿಯಲ್ಲಿ ಮೂರು ವಿಷಯ ಓದಿ. ಎಷ್ಟು ಮೀಟರ್ ಎತ್ತರದವರೆಗೆ ಲೆಕ್ಕಕ್ಕೆ ಬರುತ್ತದೆ, ಹೆಲಿಕಾಪ್ಟರ್ ಖರ್ಚು ಕೊಡುತ್ತಾರಾ, ಬಂಜಿ, ಪ್ಯಾರಾಗ್ಲೈಡಿಂಗ್ ಸೇರಿದೆಯಾ. ಊರಿನ ಆಸ್ಪತ್ರೆಗೆ ಮಾಡಿಸಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರದೇಶಕ್ಕೆ ಬರುವುದಿಲ್ಲ. ಕಂಪನಿಯ ತುರ್ತು ನಂಬರನ್ನು ಕಾಗದದ ಮೇಲೆ ಬರೆದು ಗೈಡ್ ಹತ್ತಿರವೂ ಒಂದು ಪ್ರತಿ ಕೊಡಿ. ಪ್ರವಾಸಿ ಪೊಲೀಸರ ನಂಬರ್ 1144. ಹೆಲಿಕಾಪ್ಟರ್ ಹಗಲು, ಮೋಡ ಇಲ್ಲದಾಗ ಮಾತ್ರ ಬರುತ್ತದೆ. ಅದು ಬರುವ ತನಕ ಕೂರುವ ಬದಲು, ರೋಗಿಯನ್ನು ಇಳಿಸಲು ಆಗುವಷ್ಟು ಇಳಿಸುತ್ತಲೇ ಇರಿ.

ಶೂ, ಜಾಕೆಟ್ ಇಲ್ಲೇ ಕೊಳ್ಳೋದಾ, ಅಲ್ಲೇನಾ?

ಜಾಕೆಟ್, ಸ್ಲೀಪಿಂಗ್ ಬ್ಯಾಗ್, ಊರುಗೋಲು ಕಠ್ಮಂಡುವಿನ ಥಮೆಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಶೂ ಮಾತ್ರ ಇಲ್ಲೇ ಕೊಂಡು, ಎರಡು ತಿಂಗಳು ಮೆಟ್ಟಿಲ ಮೇಲೆ ಹಾಕಿ ಪಳಗಿಸಿಕೊಳ್ಳಿ. ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ. ಇಳಿಜಾರಿನಲ್ಲಿ ಹೆಬ್ಬೆರಳು ಮುಂದಕ್ಕೆ ತಾಗಿದರೆ ಅರ್ಧ ಸೈಜ್ ದೊಡ್ಡದು ತಗೊಳ್ಳಿ.